ಮಿನಿ ಬೈಕ್: 12ಕ್ಕೆ 60 ಹಲ್ಲು ಹಾಕಿದ್ದೇನೆ, ಏರು ಬಂದರೆ ಕ್ಲಚ್ ಸುಟ್ಟ ವಾಸನೆ

ಹೊಳಲ್ಕೆರೆ ತೋಟ:
ತೋಟದೊಳಗೆ ಓಡಾಡೋಕೆ ಅಂತ ನಾನೇ ವೆಲ್ಡಿಂಗ್ ಮಾಡಿ ಒಂದು ಮಿನಿ ಬೈಕ್ ಕಟ್ಟಿದ್ದೇನೆ. ನೀರೆತ್ತುವ ಹಳೇ ಪೆಟ್ರೋಲ್ ಇಂಜಿನ್, 196 ಸಿಸಿ, ಆರೂವರೆ ಹೆಚ್‌ಪಿ. ಸೆಂಟ್ರಿಫ್ಯೂಗಲ್ ಕ್ಲಚ್, ಅಂದರೆ ಇಂಜಿನ್ ಜೋರಾಗಿ ತಿರುಗಿದಾಗ ಒಳಗಿನ ಶೂ ಹೊರಕ್ಕೆ ಸರಿದು ಡ್ರಮ್ ಹಿಡಿಯುವಂಥದು. ಚೈನ್ ಓಡುವ ಹಲ್ಲಿನ ಚಕ್ರ (ಸ್ಪ್ರಾಕೆಟ್) ಮುಂದೆ 12 ಹಲ್ಲು, ಹಿಂದೆ 60, ಅರ್ಧ ಇಂಚು ಪಿಚ್ ಚೈನ್. ಟೈರ್ ಹಳೇ ಸ್ಕೂಟರಿನ 3.50-10, ಚಾಕ್ ಗುರುತು ಹಾಕಿ ಉರುಳಿಸಿ ಅಳೆದೆ, ಒಂದು ಸುತ್ತಿಗೆ 135 ಸೆಂ.ಮೀ. ಮಟ್ಟ ನೆಲದಲ್ಲಿ ಚೆನ್ನಾಗಿ ಓಡುತ್ತದೆ. ಆದರೆ ಬಾವಿ ಕಡೆಯಿಂದ ಮನೆಗೆ ಕಲ್ಲು ದಾರಿ, ಏರು ಬೇರೆ, ಅಲ್ಲಿ 16 ಲೀಟರ್ ಸ್ಪ್ರೇ ಕ್ಯಾನ್ ಬೆನ್ನಿಗೆ ಹಾಕಿಕೊಂಡು ಹತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗಲ್ಲ. ಡ್ರಮ್ ನೀಲಿಗಟ್ಟಿದೆ, ಒಂದು ಹನಿ ನೀರು ಬಿದ್ದರೆ ದೋಸೆ ಹಂಚಿನ ಹಾಗೆ ಚುಯ್ ಅನ್ನುತ್ತದೆ. ಕ್ಲಚ್ ಬದಲಿಸಬೇಕಾ?

ದಾವಣಗೆರೆ ಲೇತ್:
ಕ್ಲಚ್ ತಪ್ಪಲ್ಲ ತಮ್ಮಾ, ರೇಶಿಯೊ ತಪ್ಪು. 60 ಭಾಗಿಸು 12, ಅಂದರೆ 5. ಇಂಜಿನ್ 3600 ಸುತ್ತು ತಿರುಗಿದರೆ ಚಕ್ರ 720 ಸುತ್ತು, ಗಂಟೆಗೆ 58 ಕಿ.ಮೀ. ತೋಟದಲ್ಲಿ ಯಾರಿಗೆ ಬೇಕು ಅಷ್ಟು ಸ್ಪೀಡು? ಎಲ್ಲರೂ ಟಾಪ್ ಸ್ಪೀಡ್ ಲೆಕ್ಕ ಹಾಕುತ್ತಾರೆ, ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನೋದನ್ನ ಮಾತ್ರ ನೋಡಲ್ಲ. ನಿನ್ನ ಕ್ಲಚ್ ಸುಮಾರು 2000 ಆರ್‌ಪಿಎಂಗೆ ಹಿಡಿಯುತ್ತದೆ ಅಂತ ಇಟ್ಟುಕೋ. ನಿನ್ನ ರೇಶಿಯೊದಲ್ಲಿ ಆಗ ಗಾಡಿ 32 ಕಿ.ಮೀ. ವೇಗದಲ್ಲಿ ಇರಬೇಕು. ಏರಲ್ಲಿ ಹತ್ತು ಹನ್ನೆರಡರಲ್ಲಿ ಹೋಗುತ್ತೀಯ ಅಲ್ವಾ? ಅಷ್ಟು ಹೊತ್ತೂ ಶೂ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ. ಹೊಸ ಕ್ಲಚ್ ಹಾಕಿದರೂ ವಾರದಲ್ಲಿ ಇದೇ ಕಥೆ. ರೇಶಿಯೊ 8ರ ಮೇಲೆ ಬರಬೇಕು.

ಹೊಳಲ್ಕೆರೆ ತೋಟ:
ಹಾಗಾದರೆ ಹಿಂದೆ 72 ಹಲ್ಲಿಂದು ಹಾಕಿ ಮುಂದೆ 10 ಮಾಡಲಾ ಅಣ್ಣಾ? ಸುಲಭ ಅಲ್ವಾ?

ದಾವಣಗೆರೆ ಲೇತ್:
ಬೇಡ. ಮಾಡಿದರೂ 7.2 ಅಷ್ಟೇ. ಅದಕ್ಕಿಂತ ಮುಖ್ಯ, 72 ಹಲ್ಲಿನ ಸ್ಪ್ರಾಕೆಟ್ ಹತ್ತಿರ ಹತ್ತಿರ 29 ಸೆಂ.ಮೀ. ಅಗಲ, ನಿನ್ನ ಟೈರಿಗೆ ಚೈನ್ ಕೆಳಗೆ ಆರು ಸೆಂ.ಮೀ. ಜಾಗ ಉಳಿದರೆ ಹೆಚ್ಚು. ನಿಮ್ಮ ಕಡೆ ಕಲ್ಲಿನಲ್ಲಿ ಒಂದೇ ದಿನ ಬಾಳುತ್ತದೆ. ಜಾಕ್‌ಶಾಫ್ಟ್ ಹಾಕು, ಮಧ್ಯೆ ಎರಡು ಬೇರಿಂಗ್ ಮೇಲೆ ಇನ್ನೊಂದು ಶಾಫ್ಟ್. ಕ್ಲಚ್ಚಿನ 12ರಿಂದ ಆ ಶಾಫ್ಟಿನ 20ಕ್ಕೆ, ಅದರ ಇನ್ನೊಂದು ಕಡೆ 12ರಿಂದ ಹಿಂದಿನ 60ಕ್ಕೆ. ಒಟ್ಟು 8.33. ಟಾಪ್ 35 ಕಿ.ಮೀ., ಕ್ಲಚ್ ಹಿಡಿಯೋದು 19ರ ಹತ್ತಿರ. ಹಿಂದಿನ 60 ಹಾಗೇ ಇರಲಿ, ದುಡ್ಡೂ ಉಳಿಯುತ್ತದೆ. ಏರಲ್ಲಿ ಆಕ್ಸಿಲರೇಟರ್ ಅರ್ಧಕ್ಕೆ ಇಟ್ಟು ಒದ್ದಾಡಬೇಡ, ಪೂರ್ತಿ ಕೊಡು.

ಚನ್ನಗಿರಿ ಅಡಿಕೆ:
ಒಂದು ಮಾತು ಸೇರಿಸುತ್ತೇನೆ. ಸ್ಪೀಡ್ ಕಡಿಮೆ ಆಯ್ತು ಅಂತ ಗವರ್ನರ್, ಅಂದರೆ ಇಂಜಿನ್ ಮಿತಿ ಮೀರಿ ತಿರುಗದಂತೆ ತಡೆಯುವ ಭಾಗ, ಅದನ್ನ ಮಾತ್ರ ದಯವಿಟ್ಟು ತೆಗೆಯಬೇಡಿ. ಈ ಇಂಜಿನ್‌ಗಳ ಫ್ಲೈವೀಲ್ ಬೀಡು ಕಬ್ಬಿಣ, ಕನೆಕ್ಟಿಂಗ್ ರಾಡ್ ಅಲ್ಯೂಮಿನಿಯಂ, ಮಿತಿ ಮೀರಿ ತಿರುಗಿದರೆ ಒಡೆದು ಚೂರು ಹಾರುತ್ತದೆ, ಅದು ಇರೋದು ನಿಮ್ಮ ಕಾಲ ಹತ್ತಿರವೇ. ಕ್ಲಚ್ ಹೊಸದು ತಗೊಂಡರೆ ಶಾಫ್ಟ್ ಅಳೆದುಕೊಂಡು ಹೋಗಿ, ಮುಕ್ಕಾಲು ಇಂಚಿನದೂ ಇದೆ, 20 ಎಂಎಂನದೂ ಇದೆ, ನೋಡೋಕೆ ಒಂದೇ ಥರ.

ಹೊಳಲ್ಕೆರೆ ತೋಟ:
ಜಾಕ್‌ಶಾಫ್ಟ್ ಕೂರಿಸಿದೆ ಅಣ್ಣಾ. ತುಂಬಿದ ಕ್ಯಾನ್ ಹೊತ್ತು ನಿನ್ನೆ ಬಾವಿ ಏರನ್ನ ನಿಲ್ಲಿಸದೇ ಹತ್ತಿದೆ, ಮೇಲೆ ಹೋಗಿ ಮೂಗಿಟ್ಟು ನೋಡಿದೆ, ವಾಸನೆ ಇಲ್ಲ! ಆದರೆ ಹೊಸ ಚೈನ್ ಎರಡೇ ದಿನಕ್ಕೆ ಜೋತು ಬಿದ್ದಿದೆ.

ದಾವಣಗೆರೆ ಲೇತ್:
ಹೊಸ ಚೈನ್ ಮೊದಲು ಸ್ವಲ್ಪ ಉದ್ದ ಆಗುತ್ತದೆ, ಹೆದರಬೇಡ. ಮಧ್ಯದಲ್ಲಿ ಬೆರಳಿಂದ ಒತ್ತಿದರೆ 10ರಿಂದ 15 ಎಂಎಂ ಆಡುವ ಹಾಗೆ ಬಿಗಿ ಮಾಡು. ಮತ್ತೆ ಮತ್ತೆ ಸಡಿಲ ಆದರೆ ದಾರ ಹಿಡಿದು ಎರಡೂ ಸ್ಪ್ರಾಕೆಟ್ ಒಂದೇ ಗೆರೆಯಲ್ಲಿ ಇವೆಯಾ ನೋಡು.