ಟ್ಯಾಂಕ್ ಡ್ಯಾಮೇಜ್: ಕನ್ನಡದಲ್ಲಿ ಏನೆನ್ನೋಣ? (ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಆಟದ ಬಗ್ಗೆ ಒಂದು ವಿಡಿಯೊಗೆ ಕನ್ನಡ ಅಡಿಬರಹ ಬರೆಯುತ್ತಿದ್ದೇನೆ. ರಾತ್ರಿಯೊಳಗೆ ಕೊಡಬೇಕು. ಒಂದು ಪಟ್ಟಿಯ ತಲೆಬರಹ ‘ಸ್ಟ್ಯಾಟ್‌ಗಳು ಮತ್ತು ಟ್ಯಾಂಕ್ ಡ್ಯಾಮೇಜ್’. ತಂಡದ ಮುಂದೆ ನಿಂತು ರಾಕ್ಷಸನ ಏಟನ್ನೆಲ್ಲ ಮೈಮೇಲೆ ಹಾಕಿಕೊಳ್ಳುವವನೇ ಟ್ಯಾಂಕ್. ಸ್ಟ್ಯಾಟ್ ಎಂದರೆ ಅವನ ಸ್ಟ್ರೆಂತ್, ಸ್ಟ್ಯಾಮಿನಾ ಮುಂತಾದ ಅಂಕಿಗಳು. ವಾರಿಯರ್ ಎಂಬ ಯೋಧ ಪಾತ್ರಕ್ಕೆ 1 ಸ್ಟ್ರೆಂತ್ ಕೂಡಿದರೆ ಅಟ್ಯಾಕ್ ಪವರ್, ಅಂದರೆ ಹೊಡೆತದ ಬಲ, 2 ಏರುತ್ತದೆ. 14 ಅಟ್ಯಾಕ್ ಪವರ್‌ಗೆ ಸೆಕೆಂಡಿಗೆ 1 ಡ್ಯಾಮೇಜ್ ಜಾಸ್ತಿ. ಸ್ಟ್ಯಾಟ್, ಟ್ಯಾಂಕ್, ಡ್ಯಾಮೇಜ್ ಮೂರಕ್ಕೂ ಸದ್ಯಕ್ಕೆ ‘ಗುಣಾಂಕ’, ‘ರಕ್ಷಕ’, ‘ಹಾನಿ’ ಎಂದು ಹಾಕಿದ್ದೇನೆ. ‘ರಕ್ಷಕ ಹಾನಿ’ ಎಂದು ಓದಿದರೆ ನನಗೇ ನಗು ಬರುತ್ತಿದೆ.

*

‘ಗುಣಾಂಕ’ ಬೇಡ. ಭೌತಶಾಸ್ತ್ರದಲ್ಲಿ ‘ಘರ್ಷಣ ಗುಣಾಂಕ’ ಓದಿದವರಿಗೆ ಅದು ಬೇರೆಯೇ. ‘ರಕ್ಷಕ’ ಅಂದರೆ ಪೊಲೀಸ್ ಠಾಣೆಯ ಬೋರ್ಡು. ಸ್ಟ್ರೆಂತ್‌ಗೆ ಕಸುವು, ಅಜಿಲಿಟಿಗೆ ಚುರುಕು, ಸ್ಟ್ಯಾಮಿನಾಗೆ ತಾಳಿಕೆ. ಟ್ಯಾಂಕ್‌ಗೆ ಹಳೆಯ ಪದವೇ ಇದೆ: ಹರಿಗೆ. ಗುರಾಣಿ ಎಂದೇ ಅರ್ಥ. ಸುಮ್ನೆ ಮರೆತಿದ್ದೇವೆ ಅಷ್ಟೆ.

*

‘ಹರಿಗೆ ಏಟು ಬಿತ್ತು’ ಎಂದು ಬರೆಯಿರಿ. ಯಾವ ಹರಿಗೆ, ಯಾರು ಹೊಡೆದರು ಎಂದು ಕೇಳುತ್ತಾರೆ.

*

ಟ್ಯಾಂಕ್ ಪರದೇಶಿ ಎಂದು ಯಾಕೆ ಗಾಬರಿ? ಅದು ನಮ್ಮ ಕಡೆಯಿಂದಲೇ ಹೋದ ಪದ. ಗುಜರಾತಿ, ಮರಾಠಿಯ ‘ಟಾಂಕೆ’ಗೆ ಪೋರ್ಚುಗೀಸರ ‘ತಾಂಕೆ’ ಬೆರೆತು ಇಂಗ್ಲಿಷಿಗೆ ಸೇರಿತು. ಬ್ರಿಟಿಷರು ನಮ್ಮ ಕೆರೆಗಳನ್ನೆಲ್ಲ ಟ್ಯಾಂಕ್ ಎಂದರು. ಬೆಂಗಳೂರಿನ ಸ್ಯಾಂಕಿ ಟ್ಯಾಂಕ್ ಇಲ್ಲವೇ? 1915ರಲ್ಲಿ ಯುದ್ಧದ ಬಂಡಿ ಕಟ್ಟುವಾಗ ಗುಟ್ಟು ರಟ್ಟಾಗದಿರಲಿ ಎಂದು ನೀರಿನ ತೊಟ್ಟಿಯ ಹೆಸರು ಇಟ್ಟರು. 1916ರ ಸೆಪ್ಟೆಂಬರಿನಲ್ಲಿ ಮೊದಲ ಮಹಾಯುದ್ಧದ ಸೊಮ್ ಕದನಕ್ಕೆ ಇಳಿಸಿದರು. ಆಟದವರು ಅಲ್ಲಿಂದ ಎತ್ತಿಕೊಂಡರು. ಮೂಲ ಹಿಡಿದರೆ ‘ತೊಟ್ಟಿ’ಯೇ ಸರಿ.

*

‘ತೊಟ್ಟಿ ಹಾನಿ’ ಅಂದರೆ ಪ್ಲಂಬರ್ ಬರುತ್ತಾನೆ.

*

ಹೊಯ್ಸಳರ ಗರುಡರನ್ನು ಮರೆತಿರಾ? ಹಳೇಬೀಡಿನಲ್ಲಿ ಕುವರ ಲಕ್ಷ್ಮನ ಶಾಸನವೇ ಇದೆ. ಒಡೆಯನಿಗಾಗಿ ಪ್ರಾಣ ಕೊಡುವವನು ‘ಗರುಡ’.

*

ಗರುಡರು ಒಡೆಯ ಸತ್ತ ಮೇಲೆ ಪ್ರಾಣ ಬಿಟ್ಟವರು. ತಂಡವೆಲ್ಲ ಸತ್ತ ಮೇಲೆ ಸಾಯುವ ಟ್ಯಾಂಕ್ ಯಾರಿಗೆ ಬೇಕು?

*

ನಾನು ಈ ಆಟದಲ್ಲಿ ಟ್ಯಾಂಕ್ ಆಗಿಯೇ ಆಡುವವನು. ನೀವೆಲ್ಲ ತಪ್ಪು ಪದ ಹಿಡಿದು ಜಗ್ಗಾಡುತ್ತಿದ್ದೀರಿ. ತೊಡಕು ಇರುವುದು ‘ಡ್ಯಾಮೇಜ್’ನಲ್ಲಿ. ಟ್ಯಾಂಕ್ ಕೊಡುವುದೋ, ತಿನ್ನುವುದೋ? ಸ್ಟ್ರೆಂತ್ ಏರಿಸುವುದು ಕೊಡುವ ಏಟನ್ನು. ಅದೂ ಬೇಕು, ಯಾಕೆಂದರೆ ರಾಕ್ಷಸನ ಸಿಟ್ಟು ಟ್ಯಾಂಕ್ ಮೇಲೆಯೇ ಇರಬೇಕಲ್ವಾ? ಆರ್ಮರ್, ಅಂದರೆ ಮೈಗವಚದ ಅಂಕಿ, ಇಳಿಸುವುದು ತಿನ್ನುವ ಏಟನ್ನು. 60ನೇ ಹಂತದ ಶತ್ರು ಎದುರಿದ್ದು, 5500 ಆರ್ಮರ್ ತೊಟ್ಟಿದ್ದರೆ ಅವನ ಕತ್ತಿಯ ಏಟು ಅರ್ಧಕ್ಕೆ ಇಳಿಯುತ್ತದೆ. ಎಷ್ಟೇ ತೊಟ್ಟರೂ ಶೇ. 75ಕ್ಕಿಂತ ಹೆಚ್ಚು ತಡೆಯುವುದಿಲ್ಲ. ಸ್ಟ್ಯಾಮಿನಾ ಇವೆರಡೂ ಅಲ್ಲ. 1ಕ್ಕೆ 10 ಹೆಲ್ತ್, ಅಂದರೆ ಜೀವದ ಅಂಕಿ, ಕೊಡುತ್ತದೆ, ಏಟು ಅಷ್ಟೇ ಬೀಳುತ್ತದೆ, ನೀವು ಇನ್ನಷ್ಟು ಹೊತ್ತು ನಿಲ್ಲುತ್ತೀರಿ. ಹಾಗಾಗಿ ‘ತಾಳಿಕೆ’ ಚೆನ್ನಾಗಿ ಕೂರುತ್ತದೆ.

ಇನ್ನು ಡಿಫೆನ್ಸಿವ್ ಸ್ಟಾನ್ಸ್, ವಾರಿಯರ್ ಏಟು ತಡೆಯಲು ನಿಲ್ಲುವ ಭಂಗಿ. ಅದರಲ್ಲಿ ನಿಂತರೆ ಕೊಡುವ ಏಟೂ ಶೇ. 10 ಕಡಿಮೆ, ತಿನ್ನುವ ಏಟೂ ಶೇ. 10 ಕಡಿಮೆ. ‘ಹಾನಿ’ ಒಂದನ್ನೇ ಇಟ್ಟುಕೊಂಡು ಈ ಸಾಲು ಬರೆದು ತೋರಿಸಿ. ಏಟು ಕೊಡುವುದು, ಏಟು ತಿನ್ನುವುದು ಎಂದು ಕನ್ನಡದಲ್ಲಿ ಮಕ್ಕಳಿಗೂ ಗೊತ್ತು. ಟ್ಯಾಂಕ್ ಟ್ಯಾಂಕೇ ಇರಲಿ.

*

ಅಟ್ಯಾಕ್, ಆರ್ಮರ್, ಹೆಲ್ತ್! ಇಂಗ್ಲಿಷ್ ತುಂಬಾ ಜಾಸ್ತಿಯಾಯಿತು. ಹೀಗೆ ಬರೆಯುವುದಾದರೆ ಅಡಿಬರಹ ಯಾಕೆ?

*

‘ಜಾಸ್ತಿ’ ಯಾವ ಊರಿನ ಪದ ಸ್ವಾಮಿ? ಅರಬ್ಬಿ, ಪಾರಸಿ ದಾಟಿ ಬಂದದ್ದು. ಮೊದಲು ಅದನ್ನು ವಾಪಸ್ ಕಳಿಸಿ. ಹಾಂ, ‘ವಾಪಸ್’ ಕೂಡ ಪಾರಸಿಯೇ.

*

ಬಂದು ಬೇರೂರಿದ ಪದ ಬೇರೆ, ಸೋಮಾರಿತನಕ್ಕೆ ಎತ್ತಿಕೊಂಡದ್ದು ಬೇರೆ. ಇದನ್ನು ಎಷ್ಟು ಸಲ ಹೇಳಬೇಕು?

*

ಕೇಳಿದವನು ನಾನು. ‘ಟ್ಯಾಂಕ್ ಕೊಡುವ ಏಟು’, ‘ಟ್ಯಾಂಕ್ ತಿನ್ನುವ ಏಟು’ ಎಂದು ಎರಡು ಕಾಲಮ್ ಮಾಡಿದೆ. ಕಸುವು, ತಾಳಿಕೆ ಉಳಿಸಿಕೊಂಡೆ. ಗರುಡನನ್ನು ಬಿಟ್ಟೆ, ಬೇಸರ ಬೇಡ. ಕಡತ ಕಳಿಸಿಯಾಯಿತು.

*

ಕಾಲಮ್ ಅಲ್ಲ. ಕಂಬಸಾಲು.