ಹಳೇ ಆಲ್-ಇನ್-ಒನ್ ಕಂಪ್ಯೂಟರ್: ರಿಪೇರಿ ಮಾಡಿಸೋದಾ, ಗುಜರಿಗೆ ಹಾಕೋದಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಸದಸ್ಯೆ):
ಅಣ್ಣ, ನಮಸ್ತೆ. ನಮ್ಮ ಮನೆಯಲ್ಲಿ 2014ರಲ್ಲಿ ತೆಗೆದುಕೊಂಡ ಆಲ್-ಇನ್-ಒನ್ ಇದೆ. ಸಿಪಿಯು ಡಬ್ಬ ಬೇರೆ ಇಲ್ಲ, ಎಲ್ಲ ಸ್ಕ್ರೀನಿನ ಹಿಂದೆಯೇ. ಇಂಟೆಲ್ ಐ3 ಪ್ರೊಸೆಸರ್, ನಾಲ್ಕನೇ ಜನರೇಷನ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೆಳಿಗ್ಗೆ ಸ್ವಿಚ್ ಹಾಕಿ, ಕಾಫಿ ಮಾಡಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಚಕ್ರ ಸುತ್ತುತ್ತಾ ಇರುತ್ತದೆ. ಕರೆಂಟ್ ಹೋಗಿ ಬಂದರೆ ತಾರೀಖು 2013ಕ್ಕೆ ಹೋಗಿ ಕೂರುತ್ತದೆ, ಆಗ ಬ್ಯಾಂಕಿನ ವೆಬ್‌ಸೈಟ್ ತೆರೆಯುವುದೇ ಇಲ್ಲ. ಹಿಂದಿನಿಂದ ಗುರ್ ಅಂತ ಸದ್ದು ಬೇರೆ. ಒಂದು ಅಂಗಡಿಗೆ ಒಯ್ದರೆ ಬಿಚ್ಚಿಯೂ ನೋಡದೆ "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅಂದರು. ಮಾವನ ಅಡಿಕೆ ಲೆಕ್ಕ ಪೂರ್ತಿ ಅದರ ಎಕ್ಸೆಲ್‌ನಲ್ಲಿದೆ. ಸೊಸೈಟಿ ಪತ್ರಗಳನ್ನು ಅವರು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾರೆ. ದುಡ್ಡು ಹಾಕಿದರೆ ಸರಿಹೋಗುತ್ತಾ?

ಉತ್ತರ (ಶಿವಮೊಗ್ಗದ ಕಂಪ್ಯೂಟರ್ ರಿಪೇರಿಯವನು):
ಬೋರ್ಡ್ ಹೋಗಿದ್ದರೆ ಚಕ್ರವೂ ಸುತ್ತುತ್ತಿರಲಿಲ್ಲ ಮೇಡಂ. ನೀವು ಹೇಳಿದ ಮೂರು ತೊಂದರೆಗೆ ಮೂರು ಬೇರೆ ಬೇರೆ ಕಾರಣ. ಕೇಳಿದ ಮಟ್ಟಿಗೆ ಒಂದೂ ಬೋರ್ಡಿನದ್ದಲ್ಲ.

ಸುಲಭದ್ದು ಮೊದಲು. ತಾರೀಖು ಹಿಂದಕ್ಕೆ ಹೋಗುವುದು ಒಳಗಿನ ಬಿಲ್ಲೆ ಸೆಲ್ ಸತ್ತಿರುವುದಕ್ಕೆ. ಸಿಆರ್2032 ಅಂತ ಕೇಳಿ, 3 ವೋಲ್ಟಿನದು, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಬ್ಯಾಂಕಿನ ವೆಬ್‌ಸೈಟ್‌ಗೆ ಒಂದು ಪ್ರಮಾಣಪತ್ರ ಇರುತ್ತದೆ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ. ನಿಮ್ಮ ಕಂಪ್ಯೂಟರ್ 2013ರಲ್ಲಿ ಕೂತಿದ್ದರೆ ಅದರ ಲೆಕ್ಕಕ್ಕೆ ಆ ಪತ್ರ ಇನ್ನೂ ಹುಟ್ಟೇ ಇಲ್ಲ. ಅದಕ್ಕೇ ಬ್ರೌಸರ್ ಬಾಗಿಲು ಹಾಕಿಕೊಳ್ಳುತ್ತದೆ. ಇದಕ್ಕೆ ವಿಂಡೋಸನ್ನೇ ಮತ್ತೆ ಹಾಕಿಸಿಕೊಂಡು ಬಂದವರನ್ನು ನೋಡಿದ್ದೇನೆ, ಸುಮ್ನೆ ದುಡ್ಡು ದಂಡ.

ಈಗ ನಿಧಾನದ ವಿಷಯ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಸಿಪಿಯು 10, 15 ಶೇಕಡಾ ಇದ್ದು, ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿದ್ದರೆ ನಿಮ್ಮ ಪ್ರೊಸೆಸರ್‌ಗೆ ಏನೂ ಆಗಿಲ್ಲ. ಅದು ಸುಮ್ಮನೆ ಕಾಯುತ್ತಿದೆ. ಹಾರ್ಡ್ ಡಿಸ್ಕಿನ ಒಳಗೆ ತಟ್ಟೆಯೊಂದು ತಿರುಗುತ್ತಿರುತ್ತದೆ, ಇಂಥವುಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಮೇಲೊಂದು ಸಣ್ಣ ತೋಳು ಆಚೆ ಈಚೆ ಓಡಾಡಿ ಓದುತ್ತದೆ. ಬೆಳಿಗ್ಗೆ ಆನ್ ಮಾಡಿದ ತಕ್ಷಣ ಅಪ್‌ಡೇಟ್ ಒಂದು ಕಡೆ ಕರೆಯುತ್ತದೆ, ಆಂಟಿವೈರಸ್ ಇನ್ನೊಂದು ಕಡೆ, ಎಕ್ಸೆಲ್ ಮತ್ತೊಂದು ಕಡೆ. ಮದುವೆ ಮನೆಯಲ್ಲಿ ನೂರು ಎಲೆಗೆ ಒಬ್ಬನೇ ಬಡಿಸಿದ ಹಾಗೆ. ಇದರ ಬದಲು ಹಾಕುವುದು ಎಸ್‌ಎಸ್‌ಡಿ, ಎಲ್ಲವನ್ನೂ ಚಿಪ್‌ನಲ್ಲೇ ಇಡುವ ಡ್ರೈವ್. ಅದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ತೋಳೂ ಇಲ್ಲ. ನಿಮ್ಮ ಮಷಿನ್‌ಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 240 ಅಥವಾ 256 ಜಿಬಿ ಸಾಕು. ಇದೊಂದು ಬದಲಾಯಿಸಿದರೆ ಅರ್ಧ ನಿಮಿಷದ ಆಸುಪಾಸಿನಲ್ಲಿ ಎದ್ದು ಕೂರುತ್ತದೆ.

ಅದರ ಜೊತೆ 4 ಜಿಬಿ ರ‍್ಯಾಮನ್ನು 8 ಮಾಡಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ಆಲ್-ಇನ್-ಒನ್ ನೋಡಲು ಡೆಸ್ಕ್‌ಟಾಪ್, ಹೊಟ್ಟೆಯೊಳಗೆ ಲ್ಯಾಪ್‌ಟಾಪ್. ಉದ್ದ ರ‍್ಯಾಮ್ ಹಿಡಿಸುವುದಿಲ್ಲ, ಲ್ಯಾಪ್‌ಟಾಪಿನ ಗಿಡ್ಡ ರ‍್ಯಾಮ್ ಬೇಕು. ನಾಲ್ಕನೇ ಜನರೇಷನ್ ಅಂದರೆ ಹೆಚ್ಚಾಗಿ ಡಿಡಿಆರ್3ಎಲ್. ಕೊನೆಯ 'ಎಲ್' ಬಿಡಬೇಡಿ. ಅದು 1.35 ವೋಲ್ಟಿನದು, ಬರೀ ಡಿಡಿಆರ್3 1.5 ವೋಲ್ಟಿನದು. ತಪ್ಪು ಹಾಕಿದರೆ ಸ್ಕ್ರೀನ್ ಕಪ್ಪಾಗೇ ಇರಬಹುದು. ಆಗ ಮತ್ತೆ "ಬೋರ್ಡ್ ಹೋಗಿದೆ" ಅಂತ ಶುರುವಾಗುತ್ತದೆ! ಒಳಗಿರುವ ಹಳೇ ರ‍್ಯಾಮಿನ ಚೀಟಿಯ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ.

ಗುರ್ ಅನ್ನುವುದು ಫ್ಯಾನು. ಅದಕ್ಕೆ ಬಿಚ್ಚಲೇಬೇಕು.

ಆದರೆ ಬಿಚ್ಚುವ ಮೊದಲು, ಇವತ್ತು ರಾತ್ರಿಯೇ, ಮಾವನ ಎಕ್ಸೆಲ್ ಫೈಲು ಮತ್ತು ನುಡಿ ಫೈಲುಗಳನ್ನು ಪೆನ್ ಡ್ರೈವ್‌ಗೆ ಹಾಕಿ. ಸಿನಿಮಾ, ಮದುವೆ ವಿಡಿಯೋ ಆಮೇಲೆ. ನಂತರ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಪುಕ್ಕಟೆ ಪ್ರೋಗ್ರಾಂ ಹಾಕಿ ನೋಡಿ. ನೀಲಿ ಬಂದರೆ ಡಿಸ್ಕ್ ಆರೋಗ್ಯವಾಗಿದೆ. ಹಳದಿ ಬಂದರೆ ಹುಷಾರು. ಆಗ ಡಿಫ್ರಾಗ್ (ಚದುರಿದ ಫೈಲು ಒಟ್ಟು ಜೋಡಿಸುವುದು) ಮಾಡಬೇಡಿ, ಚೆಕ್ ಡಿಸ್ಕ್ (ಡಿಸ್ಕಿನ ದೋಷ ಹುಡುಕುವುದು) ಓಡಿಸಬೇಡಿ. ಸಾಯುತ್ತಿರುವ ಡಿಸ್ಕನ್ನು ಓಡಾಡಿಸಿದಷ್ಟೂ ಬೇಗ ಹೋಗುತ್ತದೆ.

ಅದೇ ಸದಸ್ಯೆ:
ಡಿಸ್ಕ್ 100 ಅಂತಲೇ ತೋರಿಸ್ತಿದೆ ಅಣ್ಣ. ಬಣ್ಣ ಹಳದಿ. ಫೈಲು ಎಲ್ಲ ತೆಗೆದಿಟ್ಟೆ. ತಮ್ಮ ಬಂದಿದ್ದಾನೆ, ಅವನೇ ಬಿಚ್ಚುತ್ತಾನಂತೆ. ಹೇಗೆ ಅಂತ ಹೇಳಿ. ಪ್ರೊಸೆಸರ್ ಕೂಡ ಬದಲಾಯಿಸೋದಾ ಅಂತ ಕೇಳ್ತಿದ್ದಾನೆ.

ಉತ್ತರ:
ಪ್ರೊಸೆಸರ್ ಬೇಡ. ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಸಾಕೆಟ್ ಇದ್ದರೂ ಆ ದುಡ್ಡಿಗೆ ತಕ್ಕ ಲಾಭ ಇಲ್ಲ.

ಬಿಚ್ಚುವುದು ಹೀಗೆ. ಅಡಾಪ್ಟರ್, ಯುಎಸ್‌ಬಿ, ನೆಟ್ ವೈರ್ ಎಲ್ಲ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಖಾಲಿಯಾಗಲಿ. ಹಾಸಿಗೆಯ ಮೇಲೆ ಬೇಡ, ಗಟ್ಟಿ ಮೇಜಿನ ಮೇಲೆ ಕಂಬಳಿ ಮಡಚಿ ಹಾಸಿ, ಸ್ಕ್ರೀನ್ ಕೆಳಗೆ ಮಾಡಿ ಮಲಗಿಸಿ. ಕಂಬಳಿಯಲ್ಲಿ ಒಂದು ಅಡಿಕೆ ಸಿಪ್ಪೆ ಇದ್ದರೂ ಸ್ಕ್ರೀನಿಗೆ ಗೀರು ಬೀಳುತ್ತದೆ, ಕೊಡವಿ ಹಾಸಿ. ಸ್ಟ್ಯಾಂಡಿನ ಸ್ಕ್ರೂ ಮೊದಲು. ಕೆಲವು ಸ್ಕ್ರೂ ರಬ್ಬರ್ ಬಿಲ್ಲೆಯ ಕೆಳಗೋ ಸ್ಟಿಕರ್ ಕೆಳಗೋ ಅಡಗಿರುತ್ತವೆ, ಬೆರಳಲ್ಲಿ ಸವರಿದರೆ ಗುಳಿ ಸಿಗುತ್ತದೆ. ಆಮೇಲೆ ಸುತ್ತ ಪ್ಲಾಸ್ಟಿಕ್ ಲಾಕ್. ಸ್ಕ್ರೂಡ್ರೈವರ್ ತೂರಿಸಿ ಎಬ್ಬಬೇಡಿ, ಅಂಚು ಒಡೆಯುತ್ತದೆ. ಅವಧಿ ಮುಗಿದ ಎಟಿಎಂ ಕಾರ್ಡ್ ಸಾಕು. ಟಕ್, ಟಕ್ ಅಂತ ಒಂದೊಂದೇ ಬಿಡುತ್ತವೆ. ಮುಚ್ಚಳ ಬಿಟ್ಟುಕೊಂಡಾಗ ಜೋರಾಗಿ ಎಳೆಯಬೇಡಿ. ಸ್ಪೀಕರಿನದೋ ಪವರ್ ಬಟನ್ನಿನದೋ ಸಣ್ಣ ವೈರ್ ಮುಚ್ಚಳಕ್ಕೆ ಅಂಟಿಕೊಂಡಿರಬಹುದು. ಪ್ರತಿ ಹೆಜ್ಜೆಗೂ ಮೊಬೈಲಲ್ಲಿ ಫೋಟೋ ತೆಗೆಯಲಿ.

ಫ್ಯಾನನ್ನು ಬ್ರಶ್‌ನಿಂದ ಸ್ವಚ್ಛ ಮಾಡುವಾಗ ರೆಕ್ಕೆಗಳನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಬ್ಲೋವರ್ ಬಿಟ್ಟು ಗಿರಗಿರ ತಿರುಗಿಸಿದರೆ ಬೇರಿಂಗ್ ಹಾಳು. ಪ್ರೊಸೆಸರಿನ ಬಿಸಿ ಹೀರುವ, ತಾಮ್ರದ ಕೊಳವೆ ಇರುವ ಹೀಟ್ ಸಿಂಕ್ ಬಿಚ್ಚಿದರೆ ಹಳೇ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು, ಉದ್ದಿನ ಕಾಳಿನಷ್ಟು. ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ಹಚ್ಚಿದವರೂ ಇದ್ದಾರೆ!

ಡಿಸ್ಕ್ ಹಳದಿ ಬಂದಿರುವುದರಿಂದ ಕ್ಲೋನ್ ಮಾಡಬೇಡಿ, ಅಂದರೆ ಇಡೀ ಡಿಸ್ಕನ್ನು ಇದ್ದ ಹಾಗೇ ನಕಲು ಮಾಡಬೇಡಿ. ಎಸ್‌ಎಸ್‌ಡಿಗೆ ಹೊಸದಾಗಿ ವಿಂಡೋಸ್ ಹಾಕಿ.

ಸಾಗರದ ಸದಸ್ಯರು:
ಸರ್, ಇಲ್ಲೇ ಕೇಳ್ತೀನಿ. ವಿಂಡೋಸ್ 10ರ ಕಾಲ ಮುಗೀತಲ್ಲ? ಅವರಿಗೆ ಮತ್ತೆ ಅದನ್ನೇ ಹಾಕಿ ಅಂತೀರಲ್ಲ.

ಉತ್ತರ:
ಸರಿಯಾಗಿ ಹಿಡಿದಿರಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಹೆಸರು ನೋಂದಾಯಿಸಿದವರಿಗೆ ಭದ್ರತಾ ಅಪ್‌ಡೇಟ್ ಇನ್ನೂ ಒಂದು ವರ್ಷ, 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ಜನರೇಷನ್ ಅಥವಾ ಹೊಸದು, ಮತ್ತು ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. ನಾಲ್ಕನೆಯದಕ್ಕೆ ಹಿಂಬಾಗಿಲಿಂದ ಹಾಕುವವರಿದ್ದಾರೆ. ಹನ್ನೆರಡು ವರ್ಷದ ಲೆಕ್ಕ ಇರುವ ಮಷಿನ್‌ಗೆ ನಾನು ಹಾಗೆ ಹಾಕಿ ಕೊಡುವುದಿಲ್ಲ. ಮುಂದೆ ಯಾವ ಅಪ್‌ಡೇಟ್‌ಗೆ ನಿಲ್ಲುತ್ತದೋ ಯಾರಿಗೆ ಗೊತ್ತು?

ನನ್ನನ್ನು ಕೇಳಿದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಸಿಸ್ಟಂ ಹಾಕಿ, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 4 ಜಿಬಿಯಲ್ಲೂ ಓಡುತ್ತದೆ, ದುಡ್ಡಿಲ್ಲ. ಆದರೆ ಟ್ಯಾಲಿ ಬಳಸುವವರು ಆ ಕಡೆ ಹೋಗಬೇಡಿ, ಒದ್ದಾಡುತ್ತೀರಿ. ಮೊದಲು ಪೆನ್ ಡ್ರೈವ್‌ನಿಂದಲೇ ಓಡಿಸಿ, ಪ್ರಿಂಟರ್ ಹಿಡಿಯುತ್ತಾ ನೋಡಿ, ಆಮೇಲೆ ತೀರ್ಮಾನ ಮಾಡಿ.

ತೀರ್ಥಹಳ್ಳಿ ಸದಸ್ಯೆ:
ನುಡಿ ಇಲ್ಲದಿದ್ದರೆ ಮಾವ ಕಂಪ್ಯೂಟರ್ ಮುಟ್ಟೋದೇ ಇಲ್ಲ ಅಂತಾರೆ.

ಉತ್ತರ:
ಮಾವನಿಗೆ ಹೇಳಿ, ಕೀಲಿಗಳು ಅವೇ ಇರುತ್ತವೆ. ಲಿನಕ್ಸ್ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ 'ಕಗಪ' ಅಂತ ಇದೆ. ನುಡಿ ಮಾಡಿದ ಕನ್ನಡ ಗಣಕ ಪರಿಷತ್ತಿನ ವಿನ್ಯಾಸ ಅದು. ತೊಂದರೆ ಇರುವುದು ಹಳೇ ಫೈಲುಗಳಲ್ಲಿ. ಆಗಿನ ನುಡಿ ಫೈಲಿನ ಒಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ನುಡಿಯ ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಹಾಗಾಗಿ ಹಳೇ ಡಿಸ್ಕಿನಿಂದ ನುಡಿ ಫಾಂಟುಗಳನ್ನೂ ನಕಲು ಮಾಡಿಕೊಳ್ಳಿ, ಇಲ್ಲದಿದ್ದರೆ ಸೊಸೈಟಿ ಪತ್ರ ಪೂರ್ತಿ ಗೀಚಿದ ಹಾಗೆ ಕಾಣುತ್ತದೆ. ಪುರುಸೊತ್ತಾದಾಗ, ನುಡಿ ಫಾಂಟ್ ಇಲ್ಲದೆಯೂ ಓದಬರುವ ಯೂನಿಕೋಡ್‌ಗೆ ಪರಿವರ್ತಿಸಿಡಿ.

ಸಾಗರದ ಸದಸ್ಯರು:
ನನ್ನದೂ ಒಂದಿದೆ. ಸ್ಟುಡಿಯೋದಲ್ಲಿ 2012ರ ಕೊನೆಯಲ್ಲಿ ಬಂದ ಆಪಲ್ ಐಮ್ಯಾಕ್, 21.5 ಇಂಚು. ಅದೂ ಆಮೆ ಆಗಿದೆ. ಇದೇ ಉಪಾಯ ನಡೆಯುತ್ತಾ?

ಉತ್ತರ:
ಉಪಾಯ ಅದೇ, ಬಿಚ್ಚುವುದು ಮಾತ್ರ ಬೇಡ. ಅದರ ಗಾಜು ಅಂಟಿನ ಪಟ್ಟಿಯಲ್ಲಿ ಕೂತಿರುತ್ತದೆ. ಅಂಟು ಕೊಯ್ದು ಎತ್ತಬೇಕು, ಆಮೇಲೆ ಹೊಸ ಪಟ್ಟಿ ಹಾಕಿ ಕೂರಿಸಬೇಕು. ಗಾಜು ಬಿರುಕು ಬಿಟ್ಟರೆ ಎಸ್‌ಎಸ್‌ಡಿ ಬೆಲೆಯ ಎಷ್ಟೋ ಪಟ್ಟು ಕಳೆದುಕೊಂಡಿರಿ. ನಿಮ್ಮದರಲ್ಲಿ ಯುಎಸ್‌ಬಿ 3 ಇದೆ. ಹೊರಗಿನ ಎಸ್‌ಎಸ್‌ಡಿ ಒಂದನ್ನು ಚುಚ್ಚಿ, ಅದಕ್ಕೇ ಸಿಸ್ಟಂ ಹಾಕಿ ಅದರಿಂದಲೇ ಶುರು ಮಾಡಿ. ಹಿಂದೆ ಡಬಲ್ ಟೇಪಲ್ಲಿ ಅಂಟಿಸಿದರೆ ಯಾರಿಗೂ ಕಾಣಲ್ಲ. ಆಪಲ್ ಕಡೆಯಿಂದ ಅದಕ್ಕೆ ಮ್ಯಾಕ್ ಸಿಸ್ಟಂನ ಕ್ಯಾಟಲಿನಾ ಆವೃತ್ತಿಯವರೆಗೆ ಮಾತ್ರ ಸಿಗುತ್ತದೆ, ಅದನ್ನು ನೆನಪಿಟ್ಟುಕೊಳ್ಳಿ.

ಹೊಸನಗರದ ಸದಸ್ಯರು:
ನಮ್ಮದು ಗುಡುಗು ಮಳೆಯಲ್ಲಿ ಢಂ ಅಂತು ಸಾರ್. ಪ್ಲಗ್ ತೆಗೆದಿದ್ದೆವು. ಆದರೂ ಸತ್ತಿದೆ. ಸ್ಕ್ರೀನ್ ಒಳ್ಳೇದಿದೆ, ಟಿವಿ ಥರ ಬಳಸಬಹುದಾ?

ಉತ್ತರ:
ನೆಟ್ ವೈರ್ ತೆಗೆದಿದ್ದಿರಾ? ಇಲ್ಲ ಅಲ್ವಾ, ಅದೇ. ಹೊರಗಿಂದ ಬರುವ ತಾಮ್ರದ ತಂತಿ ಯಾವುದೇ ಇರಲಿ, ಸಿಡಿಲಿಗೆ ಅದೂ ಒಂದು ದಾರಿ. ಸ್ಪೈಕ್ ಬಸ್ಟರ್ ಇದೆ ಅಂತ ಧೈರ್ಯ ಬೇಡ, ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಬರೀ ಪ್ಲಗ್ ಪಾಯಿಂಟು. ಗುಡುಗು ಕೇಳುವ ಮೊದಲೇ ಎರಡನ್ನೂ ಕಿತ್ತಿಡಿ.

ಸತ್ತಿದೆ ಅಂತ ತೀರ್ಮಾನಿಸುವ ಮೊದಲು ಅಡಾಪ್ಟರ್ ನೋಡಿಸಿ. ಬೇರೆಯದು ಹಾಕುವುದಾದರೆ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಪಿನ್ ಹೊಂದಬೇಕು. ದೀಪ ಹತ್ತಿ ಸ್ಕ್ರೀನ್ ಮಾತ್ರ ಕಪ್ಪಾಗಿದ್ದರೆ ಕತ್ತಲೆ ಕೋಣೆಯಲ್ಲಿ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಹಿಂದಿನ ಬೆಳಕು ಮಾತ್ರ.

ಬೋರ್ಡೇ ಸುಟ್ಟಿದ್ದರೆ ಅದಕ್ಕೆ ದುಡ್ಡು ಹಾಕಬೇಡಿ. ಆ ಮಾಡೆಲಿನದೇ ಬೋರ್ಡ್ ಬೇಕು. ಸಿಕ್ಕಿದರೂ ಯಾರೋ ಬಳಸಿ ಬಿಟ್ಟದ್ದು. ಇನ್ನು ಸ್ಕ್ರೀನ್. ಹಿಂದಿರುವ ಎಚ್‌ಡಿಎಂಐ ಪಕ್ಕ 'ಇನ್' ಅಂತ ಬರೆದಿದ್ದರೆ ಸೆಟ್ ಟಾಪ್ ಬಾಕ್ಸನ್ನು ಹಾಗೇ ಚುಚ್ಚಬಹುದೇನೋ ನೋಡಿ, ಅದೂ ಬೋರ್ಡ್ ಬದುಕಿದ್ದರೆ. ತುಂಬಾ ಮಾಡೆಲ್‌ಗಳಲ್ಲಿ ಅದು ಹೊರಗೆ ಕಳಿಸುವುದಕ್ಕೆ ಮಾತ್ರ. ಆಗ ಪ್ಯಾನೆಲ್ ಬಿಚ್ಚಿ, ಅದರ ಬೆನ್ನಿನ ಮೇಲಿರುವ ನಂಬರ್ ಬರೆದುಕೊಂಡು, ಆ ನಂಬರಿಗೆ ಹೊಂದುವ ಕಂಟ್ರೋಲರ್ ಬೋರ್ಡ್ ತರಿಸಬೇಕು. ಕೈಯಲ್ಲಿ ಮಾಡುವ ಹುಚ್ಚಿದ್ದರೆ ಮಜಾ ಇದೆ.

ತೀರ್ಥಹಳ್ಳಿ ಸದಸ್ಯೆ (ಎರಡು ದಿನ ಬಿಟ್ಟು):
ಅಣ್ಣ, ಬಿಚ್ಚಿದೆವು! ಫ್ಯಾನಿನ ಬಾಯಿಗೆ ಕಂಬಳಿ ಹೊದಿಸಿದ ಹಾಗೆ ಧೂಳು, ಅಡಿಕೆ ಸುಲಿಯುವ ಮಷಿನ್ ಪಕ್ಕದ ಕೋಣೆಯಲ್ಲೇ ಇತ್ತಲ್ಲ. ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆ. ಬಿಲ್ಲೆ ಸೆಲ್ ಹಾಕಿದೆವು, ಎಸ್‌ಎಸ್‌ಡಿ ಹಾಕಿದೆವು, ಮಿಂಟ್ ಹಾಕಿದೆವು. ಈಗ ಕಾಫಿಗೆ ನೀರಿಡುವಷ್ಟರಲ್ಲಿ ರೆಡಿ. ರ‍್ಯಾಮ್ ಹಾಕಿದ ಮೇಲೆ ಮಾತ್ರ ಒಮ್ಮೊಮ್ಮೆ ಆನ್ ಆಗಲ್ಲ, ಬೀಪ್ ಬೀಪ್ ಅಂತದೆ. ಚೀಟಿ ನೋಡಿಯೇ ತಂದಿದ್ದು, ಡಿಡಿಆರ್3ಎಲ್ಲೇ.

ಉತ್ತರ:
ಹಳೇ ರ‍್ಯಾಮ್ ಮತ್ತು ಎರಡೂ ಸ್ಲಾಟ್ ನೋಡಿ. ಹೊಂಬಣ್ಣದ ಹಲ್ಲುಗಳು ಮಂಕಾಗಿದ್ದರೆ ಅದು ನಮ್ಮ ಮಳೆಗಾಲದ ಪ್ರಸಾದ. ಐಸೊಪ್ರೊಪೈಲ್ ಆಲ್ಕೋಹಾಲ್ ಮೆಡಿಕಲ್ ಶಾಪಿನಲ್ಲಿ ಕೇಳಿ. ಹತ್ತಿಗೆ ಹಾಕಿ ನಿಧಾನ ಒರೆಸಿ, ಪೂರ್ತಿ ಆರಿದ ಮೇಲೆ ಎರಡೂ ಕಡೆ ಕ್ಲಿಪ್ ಟಕ್ ಅನ್ನುವ ತನಕ ಒತ್ತಿ. ಆಮೇಲೂ ಬೀಪ್ ಬಂದರೆ ಒಂದೊಂದೇ ರ‍್ಯಾಮ್ ಹಾಕಿ ಪರೀಕ್ಷೆ ಮಾಡಿ, ಯಾವುದು ತಕರಾರು ಅಂತ ಗೊತ್ತಾಗುತ್ತದೆ.

ಇನ್ನೊಂದು. ಜೂನ್ ಬಂದರೆ ಅದಕ್ಕೆ ಪ್ಲಾಸ್ಟಿಕ್ ಕವರ್ ಹೊದಿಸಿ ತಿಂಗಳುಗಟ್ಟಲೆ ಮುಚ್ಚಿಡಬೇಡಿ. ತೇವ ಒಳಗೇ ಕೂರುತ್ತದೆ. ಹತ್ತಿ ಬಟ್ಟೆ ಹಾಕಿ, ಕೆಲಸ ಇರಲಿ ಬಿಡಲಿ ದಿನಕ್ಕೆ ಅರ್ಧ ಗಂಟೆ ಆನ್ ಮಾಡಿಡಿ, ಅದರ ಬಿಸಿಗೇ ಒಳಗೆ ಒಣಗುತ್ತದೆ. ಗೋಡೆಯಿಂದ ಒಂದು ಗೇಣು ಈಚೆಗೆ ಇರಲಿ. ಅಡಿಕೆ ಮಷಿನನ್ನು ಅಲ್ಲಿಂದ ಎತ್ತಿಸುವ ಜವಾಬ್ದಾರಿ ಮಾವನದು.

ತೀರ್ಥಹಳ್ಳಿ ಸದಸ್ಯೆ:
ಒರೆಸಿ ಹಾಕಿದೆವು, ಬೀಪ್ ನಿಂತಿತು. ಮಾವ ಕಗಪದಲ್ಲಿ ಟೈಪ್ ಮಾಡ್ತಾ ಕೂತಿದ್ದಾರೆ. ಮಷಿನ್ ಎತ್ತುವ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ.