ಆಯಿಲ್ ರಿಪೋರ್ಟ್‌ನಲ್ಲಿ ಐರನ್ ಜಾಸ್ತಿ ಬಂದಿದೆ, ಇಂಜಿನ್ ಬಿಚ್ಚಿಸ್ಬೇಕಾ?

ಜನರೇಟರ್_ರೂಮು:
ಎಲ್ರಿಗೂ ನಮಸ್ಕಾರ. ನಾನು ನೋಡ್ಕೊಳ್ತಿರೋ ಡೀಸೆಲ್ ಜನರೇಟರ್‌ದು ಆಯಿಲ್ ಸ್ಯಾಂಪಲ್ ಲ್ಯಾಬ್‌ಗೆ ಕಳ್ಸಿದ್ದೆ, ರಿಪೋರ್ಟ್ ನೋಡಿ ತಲೆ ಕೆಟ್ಟೋಗಿದೆ. ಹೋದ್ಸಲ ಐರನ್ 22 ಪಿಪಿಎಂ (ಹತ್ತು ಲಕ್ಷ ಭಾಗ ಆಯಿಲ್‌ನಲ್ಲಿ 22 ಭಾಗ) ಇತ್ತು, ಈ ಸಲ 58. ಸಿಲಿಕಾನ್ 7 ಇದ್ದಿದ್ದು 31 ಆಗಿದೆ, ಅಲ್ಯೂಮಿನಿಯಂ 3ರಿಂದ 12ಕ್ಕೆ ಹೋಗಿದೆ. ತಾಮ್ರ, ಸೀಸ ಎರಡೂ ಮೊದ್ಲಿನ ಥರಾನೇ ಇದೆ. ಎರಡೂ ಸಲ ಆಯಿಲ್ 250 ಗಂಟೆ ಓಡಿತ್ತು, ಬ್ರ್ಯಾಂಡೂ ಗ್ರೇಡೂ ಒಂದೇ. ಸೌಂಡು, ಹೊಗೆ, ಆಯಿಲ್ ಪ್ರೆಷರ್ ಏನೂ ವ್ಯತ್ಯಾಸ ಇಲ್ಲ. ಮೆಕ್ಯಾನಿಕ್ ಮಾತ್ರ ಬೇರಿಂಗ್ ಹೋಗಿರುತ್ತೆ, ಬಿಚ್ಚಿಬಿಡೋಣ ಅಂತಿದಾರೆ. ಗೊತ್ತಿರೋರು ಸ್ವಲ್ಪ ಹೇಳಿ ಪ್ಲೀಸ್.

ಲೈನರ್_ಪಿಸ್ಟನ್:
ಸರ್, ಸದ್ಯಕ್ಕೆ ಬಿಚ್ಚೋಕೆ ಹೋಗ್ಬೇಡಿ. ಬೇರಿಂಗ್ ಸವೀತಿದ್ರೆ ಮೊದ್ಲು ಸೀಸ, ತವರ, ತಾಮ್ರ ಏರ್ಬೇಕು, ನಿಮ್ದ್ರಲ್ಲಿ ಅದು ಅಲ್ಲಾಡೇ ಇಲ್ಲ. ಏರಿರೋದು ಯಾವ್ಯಾವ್ದು ನೋಡಿ, ಸಿಲಿಕಾನ್, ಅಲ್ಯೂಮಿನಿಯಂ, ಐರನ್, ಮೂರೂ ಒಟ್ಟಿಗೆ. ಇದು ಧೂಳು ಒಳಗೆ ಹೋಗ್ತಿರೋ ಲಕ್ಷಣ. ಮಣ್ಣಲ್ಲಿ ಸಿಲಿಕಾನೂ ಇರುತ್ತೆ ಅಲ್ಯೂಮಿನಿಯಮ್ಮೂ ಇರುತ್ತೆ, ಆ ಧೂಳು ಲೈನರ್ (ಪಿಸ್ಟನ್ ಓಡಾಡೋ ಸಿಲಿಂಡರ್‌ನ ಒಳಗೋಡೆ) ಮತ್ತೆ ಪಿಸ್ಟನ್ ಸುತ್ತ ಇರೋ ರಿಂಗ್ ಮಧ್ಯೆ ಸಿಕ್ಕಾಕೊಂಡು ಉಜ್ಜುತ್ತೆ, ಅಲ್ಲಿಂದ ಐರನ್ ಬರುತ್ತೆ, ಪಿಸ್ಟನ್‌ನಿಂದ ಇನ್ನೊಂದಿಷ್ಟು ಅಲ್ಯೂಮಿನಿಯಂ ಸೇರ್ಕೊಳ್ಳುತ್ತೆ. ಕ್ರೋಮಿಯಂ ಎಷ್ಟಿದೆ ಅಂತ ನೀವು ಬರ್ದಿಲ್ಲ, ರಿಂಗ್‌ಗೆ ಕ್ರೋಮ್ ಪ್ಲೇಟಿಂಗ್ ಇದ್ರೆ ಅದೂ ಏರಿರ್ಬೇಕು. ಏರ್ ಫಿಲ್ಟರ್‌ನಿಂದ ಟರ್ಬೋವರೆಗಿನ (ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಭಾಗ) ಹೋಸ್, ಕ್ಲ್ಯಾಂಪ್ ಎಲ್ಲಾ ಬಿಚ್ಚಿ ಒಳಗಡೆ ಬೆರಳಾಡ್ಸಿ ನೋಡಿ. ಫಿಲ್ಟರ್ ಆದ್ಮೇಲಿನ ಪೈಪ್‌ನಲ್ಲಿ ಚೂರೂ ಧೂಳು ಇರ್ಬಾರ್ದು.

ಇನ್ನೊಂದು, ಇತ್ತೀಚೆಗೆ ಟ್ಯಾಪೆಟ್ ಕವರೋ (ಇಂಜಿನ್ ಮೇಲಿನ ಮುಚ್ಚಳ) ಸಂಪೋ (ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿ ಸಿಲಿಕೋನ್ ಸೀಲೆಂಟ್ ಹಾಕಿದ್ರಾ? ಅದ್ರಿಂದನೂ ಸಿಲಿಕಾನ್ ಏರುತ್ತೆ, ಆದ್ರೆ ಆಗ ಅದೊಂದೇ ಏರೋದು, ಐರನ್ ಜೊತೆಗೆ ಬರಲ್ಲ.

ಮೈಕ್ರಾನ್:
ಮೇಲೆ ಹೇಳಿದ್ದು ನೂರಕ್ಕೆ ನೂರು ಸರಿ, ಒಂದು ವಿಷಯ ಸೇರಿಸ್ತೀನಿ. ಈ ಪಿಪಿಎಂ ಲೆಕ್ಕ ಬರೋದು ಸ್ಪೆಕ್ಟ್ರೋಮೀಟರ್‌ನಿಂದ, ಅದಕ್ಕೆ ಸಣ್ಣ ಕಣಗಳು ಮಾತ್ರ ಸರಿಯಾಗಿ ಸಿಗೋದು, ಸುಮಾರು 5ರಿಂದ 8 ಮೈಕ್ರಾನ್ ದಾಟಿದ್ದನ್ನ ಅದು ಹೆಚ್ಚು ಕಡಿಮೆ ನೋಡೋದೇ ಇಲ್ಲ. ಗೇರ್ ಹಲ್ಲು ಚಕ್ಕೆ ಏಳ್ತಿದ್ರೆ ದೊಡ್ಡ ಚೂರುಗಳು ಬೀಳುತ್ತೆ, ಆದ್ರೂ ರಿಪೋರ್ಟ್ ಚೆನ್ನಾಗೇ ಕಾಣ್ಸುತ್ತೆ. ಹಾಗಾಗಿ ಲ್ಯಾಬ್‌ನವ್ರ ಹತ್ರ ಪಿಕ್ಯೂ ಇಂಡೆಕ್ಸ್ ಕೇಳಿ, ಅದು ಕಣದ ಸೈಜ್ ಎಷ್ಟೇ ಇರ್ಲಿ ಆಯಿಲ್‌ನಲ್ಲಿರೋ ಕಬ್ಬಿಣವನ್ನ ಮ್ಯಾಗ್ನೆಟಿಕ್ ಆಗಿ ಅಳೆಯುತ್ತೆ. ಡೌಟ್ ಇನ್ನೂ ಉಳಿದ್ರೆ ಫೆರೋಗ್ರಫಿ. ಅದ್ರಲ್ಲಿ ಕಣಗಳನ್ನ ಗ್ಲಾಸ್ ಸ್ಲೈಡ್ ಮೇಲೆ ಮ್ಯಾಗ್ನೆಟ್‌ನಿಂದ ಕೂರ್ಸಿ ಮೈಕ್ರೋಸ್ಕೋಪ್‌ನಲ್ಲಿ ನೋಡ್ತಾರೆ. ಮಾಮೂಲಿ ಸವೆತ ಆದ್ರೆ ತೆಳ್ಳಗಿನ ಪುಟ್ಟ ಹಾಳೆಗಳು, ಧೂಳು ಕೊರೆದಿದ್ರೆ ಲೇತ್‌ನಲ್ಲಿ ಬರೋ ಸುರುಳಿ ಥರ ಕಾಣುತ್ತೆ. ಆಕಾರ ನೋಡಿದ್ ತಕ್ಷಣ ಕಾರಣ ಅರ್ಧ ಗೊತ್ತಾಗುತ್ತೆ, ನಂಗೆ ಈ ಟೆಸ್ಟ್ ಮೇಲೆ ತುಂಬಾ ನಂಬಿಕೆ.

ಹಳೇ ಆಯಿಲ್ ಫಿಲ್ಟರ್ ಎಸೀಬೇಡಿ, ಕಟ್ಟರ್‌ನಲ್ಲಿ ಕಟ್ ಮಾಡಿ ಪೇಪರ್ ಮಡಿಕೆ ಬಿಡಿಸಿ ನೋಡಿ. ಹ್ಯಾಕ್ಸಾ ಬ್ಲೇಡ್ ಮಾತ್ರ ಬೇಡ, ಅದ್ರದ್ದೇ ಕಬ್ಬಿಣದ ಪುಡಿ ಬೀಳುತ್ತೆ.

250_ಅವರ್ಸ್:
ಮಧ್ಯ ಆಯಿಲ್ ಎಷ್ಟು ಟಾಪಪ್ ಮಾಡಿದ್ರಿ ಅಂತ ಯಾರೂ ಕೇಳ್ಲಿಲ್ವಲ್ಲ. ಹೋದ್ಸಲ ಜಾಸ್ತಿ ಟಾಪಪ್ ಮಾಡಿ ಈ ಸಲ ಮಾಡ್ದೇ ಇದ್ರೆ ಪಿಪಿಎಂ ತಾನಾಗೇ ಏರಿದ ಹಾಗೆ ಕಾಣುತ್ತೆ, ಯಾಕಂದ್ರೆ ಹೊಸ ಆಯಿಲ್ ಬೆರೆತಷ್ಟೂ ನಂಬರ್ ಇಳಿಯುತ್ತೆ. ಸ್ಯಾಂಪಲ್ ತೆಗ್ದಿದ್ದು ಹೇಗೆ? ಇಂಜಿನ್ ಬಿಸಿ ಇದ್ದಾಗ ಡಿಪ್‌ಸ್ಟಿಕ್ ದಾರಿಯಿಂದ ಹೊಸ ಟ್ಯೂಬ್ ಬಿಟ್ಟು ಪಂಪ್‌ನಲ್ಲಿ ಎಳೀಬೇಕು. ಡ್ರೈನ್ ಬೋಲ್ಟ್ ಬಿಚ್ಚಿ ಹಿಡಿಯೋದಾದ್ರೆ ಮೊದ್ಲು ಬರೋದನ್ನೂ ಕೊನೇಗೆ ಬರೋದನ್ನೂ ಬಿಟ್ಟು ಮಧ್ಯದ್ದು ಹಿಡೀಬೇಕು. ಬೋಲ್ಟ್ ಸುತ್ತ ಇರೋ ಮಣ್ಣು ಬಾಟಲಿಗೆ ಬಿದ್ರೂ ಸಿಲಿಕಾನೇ.

ಜನರೇಟರ್_ರೂಮು:
ಎಲ್ರಿಗೂ ಥ್ಯಾಂಕ್ಸ್. ಕ್ರೋಮಿಯಂ 2 ಇದ್ದಿದ್ದು 6 ಆಗಿದೆ, ಸೀಲೆಂಟ್ ಕೆಲಸ ಏನೂ ಆಗಿಲ್ಲ, ಟಾಪಪ್ ಎರಡೂ ಸಲ ಹೆಚ್ಚು ಕಡಿಮೆ ಒಂದೇ, ಸ್ಯಾಂಪಲ್ ಪಂಪ್‌ನಲ್ಲೇ ಎಳ್ದಿದ್ದು. ಇವತ್ತು ಹೋಸ್ ಬಿಚ್ಚಿದ್ವಿ. ಫಿಲ್ಟರ್ ಹೌಸಿಂಗ್ ಹತ್ರ ರಬ್ಬರ್ ಬೆಂಡ್ ಇದ್ಯಲ್ಲ, ಅದರ ಕೆಳಭಾಗದಲ್ಲಿ ಕ್ಲ್ಯಾಂಪ್ ಕಚ್ಚೋ ಜಾಗದಲ್ಲೇ ಸೀಳಿದೆ, ಮೇಲಿಂದ ನೋಡಿದ್ರೆ ಕಾಣೋದೇ ಇಲ್ಲ. ಒಳಗಡೆ ನುಣ್ಣಗಿನ ಕೆಂಪು ಧೂಳು, ಬೆರಳಿಗೆ ಮೆತ್ಕೊಳ್ತು. ಹೋಸ್ ಬದಲಾಯ್ಸಿ ಆಯಿಲ್ ಚೇಂಜ್ ಮಾಡಿದ್ರೆ ಸಾಕಾ?

ಲೈನರ್_ಪಿಸ್ಟನ್:
ಸಿಕ್ತಲ್ಲ, ತುಂಬಾ ಖುಷಿ ಆಯ್ತು ಸರ್! ಏರ್ ಫಿಲ್ಟರೂ ಹೊಸದು ಹಾಕಿ, ಟರ್ಬೋವರೆಗಿನ ಪೈಪ್ ಪೂರ್ತಿ ಒರ್ಸಿ, ಆಯಿಲೂ ಆಯಿಲ್ ಫಿಲ್ಟರೂ ಒಟ್ಟಿಗೆ ಬದಲಾಯ್ಸಿ. ಎಷ್ಟೇ ಡ್ರೈನ್ ಮಾಡಿದ್ರೂ ಹಳೇ ಆಯಿಲ್ ಸ್ವಲ್ಪ ಒಳಗೆ ಉಳ್ಕೊಳ್ಳುತ್ತೆ, ಅದರ ಐರನ್ ಹೊಸದಕ್ಕೆ ಸೇರುತ್ತೆ, ಅದಕ್ಕೆ ಇಂಜಿನ್ ಸ್ವಲ್ಪ ಹೊತ್ತು ಓಡ್ಸಿ ಒಂದು ಸ್ಯಾಂಪಲ್ ತೆಗ್ದಿಡಿ, ಮುಂದೆ ಹೋಲ್ಸೋಕೆ ಅದೇ ಆಧಾರ. 250 ಗಂಟೆವರೆಗೂ ಕಾಯ್ದೆ 50 ಗಂಟೆಗೆ ಇನ್ನೊಂದು ಕಳ್ಸಿ. ಸಿಲಿಕಾನ್ ಏರ್ದೆ ನಿಂತು ಐರನ್ನೂ ನಿಧಾನ ಆಗಿದ್ರೆ ಓಡ್ಸಿ. ಸಿಲಿಕಾನ್ ನಿಂತ್ರೂ ಐರನ್, ಕ್ರೋಮ್ ಅದೇ ಸ್ಪೀಡಲ್ಲಿ ಏರ್ತಿದ್ರೆ ಕಂಪ್ರೆಷನ್, ಬ್ಲೋಬೈ (ರಿಂಗ್ ದಾಟಿ ಕೆಳಗೆ ಸೋರೋ ಗ್ಯಾಸ್) ಎರಡೂ ಚೆಕ್ ಮಾಡ್ಸಿ, ಬಿಚ್ಚೋ ಮಾತು ಆಮೇಲೆ.